ಸ್ಪ್ಯಾನಿಶ್ ಕಲಿಯಲು ಯಾವ ದೇಶ? ಯಾವ ಮನೆ?

“ಸ್ಪ್ಯಾನಿಶಾ? ಅದನ್ನು ಕಲಿತು ಏನು ಮಾಡುವುದು?” ಎಂದು ಕೇಳುವ ಕಾಲ ನಮ್ಮ ಕಡೆ ಮುಗಿಯುತ್ತಾ ಬಂತು. ಅಲೆವೂರಿನಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿಯರು ದಿನವೂ ಹೊರದೇಶದ ವಿದ್ಯಾರ್ಥಿಗಳನ್ನು ಕಾಣುತ್ತಾರೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿದೇಶಿ ಭಾಷೆಗಳ ತರಗತಿಗಳಿವೆ. ಬೆಂಗಳೂರಿನ ಕಂಪೆನಿಗಳು ಸ್ಪ್ಯಾನಿಶ್ ಬಲ್ಲವರಿಗೆ ಕೆಲಸ ಕೊಡುತ್ತವೆ ಎಂಬ ಸುದ್ದಿಯೂ ಮನೆಗೆ ತಲುಪಿದೆ. ಆದ್ದರಿಂದ ಈಗಿನ ಪ್ರಶ್ನೆ ಬೇರೆ. “ಉಮ್ಮಾ, ಇಲ್ಲಿ ಕುಳಿತು ಕಲಿತರೆ ನಾಲಗೆ ತಿರುಗುವುದಿಲ್ಲ. ಆ ದೇಶಕ್ಕೇ ಹೋಗಿ ಕೆಲವು ತಿಂಗಳು ಇದ್ದು ಕಲಿಯಬೇಕು” ಎಂದು ಮಗಳು ಹೇಳುತ್ತಾಳೆ. ದಮ್ಮಾಮಿನಲ್ಲಿರುವ ತಂದೆ ಫೋನಿನಲ್ಲೇ ಕೇಳುತ್ತಾರೆ: “ಯಾವ ದೇಶ? ಅಲ್ಲಿ ನಮ್ಮವರು ಯಾರಾದರೂ ಇದ್ದಾರಾ?”

ತಂದೆಯ ಪ್ರಶ್ನೆ ಸಹಜವಾದದ್ದೇ. ಆದರೆ ಭಾಷೆ ಕಲಿಯುವ ವಿಷಯ ಬಂದಾಗ ಈ ಒಂದು ಪ್ರಶ್ನೆಯೇ ಎಲ್ಲವನ್ನೂ ಕೆಡಿಸಬಲ್ಲದು. ಹೇಗೆಂದು ತಿಳಿಯಲು ಸ್ಪೇನಿನವರೆಗೆ ಹೋಗಬೇಕಿಲ್ಲ, ನಮ್ಮ ಗಲ್ಫ್ ನೋಡಿದರೆ ಸಾಕು.

ಉಡುಪಿ, ಕಾಪು, ಕಾರ್ಕಳದ ಕಡೆಯಿಂದ 1970ರ ದಶಕದಿಂದಲೇ ನಮ್ಮವರು ಗಲ್ಫಿಗೆ ಹೋಗುತ್ತಿದ್ದಾರೆ. ದುಬೈಯಲ್ಲಿ ಇಪ್ಪತ್ತೈದು ವರ್ಷ, ಶಾರ್ಜಾದಲ್ಲಿ ಮೂವತ್ತು ವರ್ಷ ಕಳೆದು ಬಂದವರು ಪ್ರತಿ ಮೊಹಲ್ಲಾದಲ್ಲಿ ಸಿಗುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಅರಬಿಯಲ್ಲಿ ಹತ್ತು ನಿಮಿಷ ಮಾತನಾಡಲು ಬರುತ್ತದೆ? ಹೆಚ್ಚಿನವರು ಕಲಿತು ಬಂದದ್ದು ಹಿಂದಿ ಮತ್ತು ಮಲಯಾಳ! ಯುಎಇಯಲ್ಲಿ ಸ್ಥಳೀಯ ಅರಬರು ಹತ್ತರಲ್ಲಿ ಒಬ್ಬರಷ್ಟೇ. ಅಂಗಡಿಯವನು ಕೇರಳದವನು, ಟ್ಯಾಕ್ಸಿಯವನು ಪಾಕಿಸ್ತಾನದವನು, ರೂಮಿನಲ್ಲಿ ನಾಲ್ಕು ಮಂದಿ ನಮ್ಮೂರಿನವರೇ. ಫ್ಯಾಮಿಲಿ ವೀಸಾದಲ್ಲಿ ಹೋದ ನಮ್ಮ ಸಹೋದರಿಯರ ಕಥೆಯೂ ಇದೇ. ಪಕ್ಕದ ಫ್ಲ್ಯಾಟಿನ ಮಲಯಾಳಿ ತಾತ್ತಂದಿರ ಜೊತೆ ಹದಿನೈದು ವರ್ಷ ಕಳೆದು, ಬ್ಯಾರಿ ಭಾಷೆ ಬಲ್ಲವರಿಗೆ ಕಷ್ಟವೇ ಅಲ್ಲದ ಮಲಯಾಳವನ್ನು ಇನ್ನಷ್ಟು ಚೊಕ್ಕ ಮಾಡಿಕೊಂಡು ಮರಳಿದರು.

ಹಾಗಾದರೆ ಗಲ್ಫಿನಲ್ಲಿ ಅರಬಿ ಕಲಿತವರು ಯಾರು? ಅರಬರ ಮನೆಯಲ್ಲಿ ಡ್ರೈವರ್ ಆಗಿದ್ದವರು, ಸೌದಿಯ ಒಳನಾಡಿನ ಸಣ್ಣ ಊರಿನಲ್ಲಿ ಒಬ್ಬಂಟಿಯಾಗಿ ಅಂಗಡಿ ನೋಡಿಕೊಂಡವರು, ಮನೆಗೆಲಸಕ್ಕೆ ಹೋದ ಬಡ ಹೆಂಗಸರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಎರಡು ವರ್ಷದಲ್ಲಿ ಅರಬಿ ಮನೆಯ ಅಜ್ಜಿಯ ಜೊತೆ ಜಗಳವಾಡುವಷ್ಟು ಅರಬಿ ಕಲಿಯುತ್ತಿದ್ದಳು. ಆ ಅಡುಗೆಮನೆಯಲ್ಲಿ ಅವಳಿಗೆ ಬೇರೆ ಭಾಷೆ ಇರಲಿಲ್ಲ. ಅವರು ಅನುಭವಿಸಿದ ಕಷ್ಟ ಬೇರೆಯೇ ಒಂದು ಅಧ್ಯಾಯ, ಅದನ್ನು ಇಲ್ಲಿ ಮರೆಮಾಚುವುದು ಬೇಡ. ಆದರೆ ಭಾಷೆಯ ಮಟ್ಟಿಗೆ ದೊಡ್ಡ ಸಂಬಳದ ಇಂಜಿನಿಯರಿಗಿಂತ ಅವಳೇ ಮುಂದಿದ್ದಳು. ನಾವು ಅವಳನ್ನು ಯಾವತ್ತೂ ಭಾಷೆ ಬಲ್ಲವಳೆಂದು ಕರೆಯಲಿಲ್ಲ, ಅಷ್ಟೆ.

ಇದರ ಇನ್ನೊಂದು ಮುಖ ನಮ್ಮ ಮಣಿಪಾಲದಲ್ಲೇ ಇದೆ. ಮಲೇಶ್ಯಾದ ಮಲಾಕಾದಲ್ಲಿ 1997ರಲ್ಲಿ ಆರಂಭವಾದ ಮಣಿಪಾಲದ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಓದಿನ ಮೊದಲ ಎರಡೂವರೆ ವರ್ಷಗಳನ್ನು ಮಣಿಪಾಲದಲ್ಲಿ ಕಳೆಯುತ್ತಿದ್ದರು. ಸ್ಕಾರ್ಫ್ ಧರಿಸಿದ ಮಲಾಯ್ ಹುಡುಗಿಯರನ್ನು ಟೈಗರ್ ಸರ್ಕಲಿನಲ್ಲಿ ಕಂಡದ್ದು ಹಲವರಿಗೆ ನೆನಪಿರಬಹುದು. ಎರಡೂವರೆ ವರ್ಷ ಸಣ್ಣ ಅವಧಿಯಲ್ಲ. ಆದರೆ ಹಾಸ್ಟೆಲಿನಲ್ಲಿ ತಮ್ಮವರೇ, ತರಗತಿಯಲ್ಲಿ ಇಂಗ್ಲಿಷ್, ಅಂಗಡಿಯವನಿಗೂ ಇಂಗ್ಲಿಷ್ ಗೊತ್ತು. ಹೀಗಿರುವಾಗ ಕನ್ನಡ ಎಲ್ಲಿಂದ ಬರಬೇಕು?

ಕನ್ನಡ ಕಲಿಯಲು ಅಲೆವೂರಿಗೆ ಬಂದರೆ

ಈಗ ಪ್ರಶ್ನೆಯನ್ನು ತಿರುವಿ ನೋಡಿ. ಸ್ಪೇನಿನ ಹುಡುಗಿಯೊಬ್ಬಳು ಕನ್ನಡ ಕಲಿಯಬೇಕೆಂದು ಅಲೆವೂರಿಗೆ ಬಂದು ನಿಮ್ಮ ಮನೆಯಲ್ಲಿ ಉಳಿದಳು ಎಂದಿಟ್ಟುಕೊಳ್ಳಿ. ಬಸ್ ಕಂಡಕ್ಟರ್ ತುಳುವಿನಲ್ಲಿ ಕೂಗುತ್ತಾನೆ. ದಿನಸಿ ಅಂಗಡಿಯಲ್ಲಿ ಕೊಂಕಣಿ. ನಿಮ್ಮ ಮನೆಯಲ್ಲಿ ಬ್ಯಾರಿ, ಇಲ್ಲದಿದ್ದರೆ ದಖನಿ ಉರ್ದು. ಮಣಿಪಾಲಕ್ಕೆ ಹೋದರೆ ಹಿಂದಿ, ಇಂಗ್ಲಿಷ್. ಕನ್ನಡ ಎಲ್ಲರಿಗೂ ಬರುತ್ತದೆ, ಓದುವುದೂ ಬರೆಯುವುದೂ ಅದರಲ್ಲೇ. ಆದರೆ ಬೀದಿಯಲ್ಲಿ ಕಿವಿಗೆ ಬೀಳುವುದು ಕಡಿಮೆ. “ನೀನು ಮೈಸೂರಿಗೋ ಧಾರವಾಡಕ್ಕೋ ಹೋಗು ಮಗಳೇ” ಎಂದು ನಾವೇ ಅವಳಿಗೆ ಹೇಳುತ್ತಿದ್ದೆವು.

ಹಿಂದೆ ಹೊರಗಿನಿಂದ ಬಂದವರ ಅನುಭವವೂ ಇದೇ. ಜರ್ಮನಿಯ ಕಿಟ್ಟೆಲ್ 1853ರಲ್ಲಿ ಬಂದಿಳಿದು ಧಾರವಾಡ, ಹುಬ್ಬಳ್ಳಿ ಕಡೆಯ ಜನರ ನಡುವೆಯೂ ಇದ್ದು ಕನ್ನಡ ಕಲಿತರು. ಅವರ ದೊಡ್ಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆದರೆ ಅದೇ ಬಾಸೆಲ್ ಮಿಶನ್ನಿನ ಮ್ಯಾನರ್ ಕರಾವಳಿಯ ಜನರ ಭಾಷೆಗೆಂದು 1886ರಲ್ಲಿ ಪ್ರಕಟಿಸಿದ್ದು ತುಳು ನಿಘಂಟು. ಯಾವ ಊರಿನಲ್ಲಿ ಬೀದಿಯ ಭಾಷೆ ಯಾವುದು ಎಂಬುದನ್ನು ಅವರು ಬೇಗ ತಿಳಿದುಕೊಂಡಿದ್ದರು.

ಸ್ಪೇನ್ ಕೂಡ ಹೀಗೆಯೇ ಹಲವು ಭಾಷೆಗಳ ದೇಶ. ನಮ್ಮ ಮಕ್ಕಳಿಗೆ ಫುಟ್ಬಾಲಿನಿಂದಾಗಿ ಮೊದಲು ನೆನಪಾಗುವ ಊರು ಬಾರ್ಸೆಲೋನ. ಆದರೆ ಅಲ್ಲಿನ ಶಾಲೆ, ಕಚೇರಿ, ಬೋರ್ಡುಗಳಲ್ಲಿ ಕೆಟಲಾನ್ ಭಾಷೆ ಇದೆ. ಸ್ಪ್ಯಾನಿಶ್ ಎಲ್ಲರಿಗೂ ಬರುತ್ತದೆ ನಿಜ, ಉಡುಪಿಯಲ್ಲಿ ಕನ್ನಡ ಬಂದ ಹಾಗೆ. ವಾಯವ್ಯದ ಗಲೀಸಿಯಾದಲ್ಲಿ ಗಲೀಸಿಯನ್, ಉತ್ತರದಲ್ಲಿ ಬಾಸ್ಕ್. ಇನ್ನು ಬಾರ್ಸೆಲೋನದ ರವಾಲ್ ಎಂಬ ಬಡಾವಣೆಯಲ್ಲಿ ಪಾಕಿಸ್ತಾನಿಗಳು ಬಹಳ. ಹಲಾಲ್ ಮಾಂಸ, ಬಿರಿಯಾನಿ, ಮಸೀದಿ ಎಲ್ಲವೂ ಕೈಗೆಟಕುತ್ತದೆ. “ನಮ್ಮವರು ಇದ್ದಾರಾ?” ಎಂದು ಕೇಳಿದ ತಂದೆಗೆ ಸಮಾಧಾನ. ಮಗಳು ಆರು ತಿಂಗಳು ಅಲ್ಲೇ ಇದ್ದರೆ ಪಂಜಾಬಿ ಚೆನ್ನಾಗಿ ಕಲಿತು ಬರುತ್ತಾಳೆ.

ಹೊಸಬರಿಗೆ ಮಧ್ಯ ಸ್ಪೇನಿನ ಊರುಗಳು ಮೇಲು. ಸಲಮಾಂಕ ಎಂಬ ಸಣ್ಣ ಪಟ್ಟಣದ ವಿಶ್ವವಿದ್ಯಾಲಯ 1218ರಷ್ಟು ಹಳೆಯದು, ವಿದೇಶಿಯರಿಗೆ ಭಾಷೆ ಕಲಿಸಲು ಆರಂಭಿಸಿದ್ದು 1929ರಲ್ಲಿ. ಮಾತು ಸ್ಪಷ್ಟ, ನಡೆದೇ ಊರು ಸುತ್ತಬಹುದು, ಮ್ಯಾಡ್ರಿಡ್‌ಗಿಂತ ಖರ್ಚು ಕಡಿಮೆ. ನಮ್ಮ ಹೆಣ್ಣುಮಕ್ಕಳ ಮನಸ್ಸು ಮಾತ್ರ ಗ್ರನಾಡದ ಕಡೆಗೇ ಹೋಗುತ್ತದೆ. ಅಲ್‌ಹಂಬ್ರಾದ ಚಿತ್ರ ನೋಡದವರು ಯಾರು? 1492ರಲ್ಲಿ ಮುಸ್ಲಿಮ್ ಆಳ್ವಿಕೆ ಕೊನೆಗೊಂಡ ಆ ಊರಿನಲ್ಲಿ, ಅಲ್‌ಹಂಬ್ರಾಕ್ಕೆ ಎದುರಾಗಿರುವ ಗುಡ್ಡದ ಮೇಲೆ 2003ರಲ್ಲಿ ಹೊಸ ಮಸೀದಿ ತೆರೆಯಿತು. ಆದರೆ ಗ್ರನಾಡ ಇರುವ ದಕ್ಷಿಣದ ಆಂಡಲೂಸಿಯಾದವರು ಮಾತಿನ ಕೊನೆಯ ಅಕ್ಷರಗಳನ್ನು ನುಂಗುತ್ತಾರೆ. ‘ಹೋಗಬೇಕು’ ಎಂದು ಪುಸ್ತಕದಲ್ಲಿ ಓದಿ ಬಂದವಳು ಕುಂದಾಪುರದಲ್ಲಿ ‘ಹೋಯ್ಕ್’ ಎಂದು ಕೇಳಿದರೆ ಹೇಗಾಗುತ್ತದೆಯೋ ಹಾಗೆ. ಕುಂದಾಪುರದ ಕನ್ನಡ ಚೆಂದವೇ. ಮೊದಲ ಪಾಠಕ್ಕೆ ಮಾತ್ರ ಕಷ್ಟ.

ಸಾಗರದಾಚೆ

ಸ್ಪ್ಯಾನಿಶ್ ಅಧಿಕೃತ ಭಾಷೆಯಾಗಿರುವ ದೇಶಗಳು 20. ಅವುಗಳಲ್ಲಿ 18 ಅಮೆರಿಕ ಖಂಡಗಳಲ್ಲಿವೆ. ಹಾಗಾಗಿ ಸ್ಪೇನ್ ಒಂದನ್ನೇ ನೋಡಿದರೆ ಸಾಲದು.

ಕಡಿಮೆ ಖರ್ಚಿನಲ್ಲಿ ಭಾಷೆ ಕಲಿಯುವವರ ಬಾಯಲ್ಲಿ ಮೊದಲು ಬರುವ ಹೆಸರು ಗ್ವಾಟೆಮಾಲ. ಅಲ್ಲಿನ ಆಂಟಿಗ್ವಾ ಪಟ್ಟಣದಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕಿ, ಬೆಳಿಗ್ಗೆ ನಾಲ್ಕು ಗಂಟೆ ಪಾಠ, ಊಟ ವಸತಿ ಒಂದು ಕುಟುಂಬದ ಜೊತೆ, ಇದು ವಾಡಿಕೆ. ಮಾತೂ ನಿಧಾನ. ಆದರೆ ಪಾಠ ಮುಗಿದ ಮೇಲೆ ಹೊರಗೆ ಬಂದರೆ ಬೀದಿ ತುಂಬಾ ವಿದೇಶಿ ವಿದ್ಯಾರ್ಥಿಗಳು, ಅವರೊಳಗೆ ಇಂಗ್ಲಿಷ್. ಅದಕ್ಕೇ ತಿಳಿದವರು ಪ್ರವಾಸಿಗರು ಕಡಿಮೆ ಇರುವ ಕೆಟ್ಸಾಲ್ಟೆನಾಂಗೊ ಎಂಬ ಊರನ್ನು ಹೇಳುತ್ತಾರೆ. ಕೊಲಂಬಿಯಾದ ರಾಜಧಾನಿ ಬೊಗೊಟಾದ ಸ್ಪ್ಯಾನಿಶ್ ಬಿಡಿಬಿಡಿಯಾಗಿ ಕೇಳುತ್ತದೆ ಎಂಬ ಹೆಸರಿದೆ. ಅಲ್ಲಿ ಹತ್ತಿರದವರನ್ನೂ ಗೌರವದ ಪದದಿಂದ, ನಮ್ಮ ‘ನೀವು’ ಇದ್ದಂತೆ, ಕರೆಯುವ ರೂಢಿ ಬಹಳ. ಅರ್ಜೆಂಟೀನಾದ ಮಾತಿನ ರಾಗ ಕೇಳಲು ಸೊಗಸು, ಆದರೆ ‘ನೀನು’ ಎಂಬ ಪದವೇ ಅಲ್ಲಿ ಬೇರೆ, ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲು. ಚಿಲಿಯವರ ವೇಗಕ್ಕೆ ಅಕ್ಕಪಕ್ಕದ ದೇಶದವರೇ ತಲೆ ಕೆರೆದುಕೊಳ್ಳುತ್ತಾರೆ.

ಮುಸ್ಲಿಮರು ಈ ದೇಶಗಳಲ್ಲಿ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಸಿರಿಯಾ, ಲೆಬನಾನಿನಿಂದ ನೂರು ವರ್ಷಗಳ ಹಿಂದೆಯೇ ಹೋದ ಕುಟುಂಬಗಳಿವೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 2000ದಲ್ಲಿ ದೊಡ್ಡ ಇಸ್ಲಾಮಿಕ್ ಕೇಂದ್ರ ತೆರೆಯಿತು. ಕೊಲಂಬಿಯಾದ ಮೈಕಾವೊ ಎಂಬ ಗಡಿ ಪಟ್ಟಣದಲ್ಲಿ 1997ರ ಮಸೀದಿಯಿದೆ. ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ಮೂಲನಿವಾಸಿಗಳದ್ದೇ ಒಂದು ಪುಟ್ಟ ಮುಸ್ಲಿಮ್ ಸಮುದಾಯವಿದೆ.

ಆದರೂ ಅಲೆವೂರಿನ ಹುಡುಗಿಯೊಬ್ಬಳನ್ನು ಮೊದಲ ಬಾರಿಗೆ ಒಬ್ಬಳೇ ಅಷ್ಟು ದೂರ ಕಳುಹಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೆಕ್ಸಿಕೋ, ಗ್ವಾಟೆಮಾಲ, ಕೊಲಂಬಿಯಾಗಳ ಕೆಲವು ಭಾಗಗಳಲ್ಲಿ ಅಪರಾಧ ಹೆಚ್ಚು. ದಾರಿಯಲ್ಲಿ ಅಮೆರಿಕದಲ್ಲಿ ವಿಮಾನ ಬದಲಿಸುವುದಾದರೆ ಅದಕ್ಕೂ ಬೇರೆ ವೀಸಾ ಬೇಕು. ಮದುವೆಯಾಗಿ ಗಂಡನ ಜೊತೆ ಹೋಗುವವಳಾದರೆ, ಇಲ್ಲವೇ ಮೊದಲೇ ಹೊರದೇಶದಲ್ಲಿದ್ದು ರೂಢಿಯಾದವಳಾದರೆ ಮಾತು ಬೇರೆ.

ಮದ್ರಸದ ಕಿವಿ

ಒಂದು ಸಂತೋಷದ ಸಂಗತಿ ಹೇಳಲೇಬೇಕು. ನಮ್ಮ ಹುಡುಗಿಯರು ಸ್ಪ್ಯಾನಿಶ್ ತರಗತಿಗೆ ಬರಿಗೈಯಲ್ಲಿ ಹೋಗುವುದಿಲ್ಲ. 711ರಿಂದ ಸುಮಾರು ಎಂಟು ಶತಮಾನ ಅರಬಿಯ ಜೊತೆ ಬಾಳಿದ ಭಾಷೆ ಅದು. ಅದರೊಳಗೆ ಸಾವಿರಾರು ಅರಬಿ ಮಾತುಗಳಿವೆ. ಸಕ್ಕರೆಗೆ ‘ಅಸೂಕರ್’, ಅರಬಿಯ ಸುಕ್ಕರ್. ಅಕ್ಕಿಗೆ ‘ಅರ್ರೋಸ್’, ಅರಬಿಯ ರುಝ್. ಎಣ್ಣೆಗೆ ‘ಅಸೇಯ್ತೆ’, ಅರಬಿಯ ಝೈತ್. ಹತ್ತಿಗೆ ‘ಅಲ್ಗೊದೋನ್’, ತಲೆದಿಂಬಿಗೆ ‘ಅಲ್ಮೊಆದ’. ಆ ಮುಂದಿನ ‘ಅಲ್’ ಎಲ್ಲಿಂದ ಬಂತೆಂದು ಮದ್ರಸದ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ‘ಹಾಗಾದರೆ ಎಷ್ಟು ಚೆನ್ನಾಗಿತ್ತು’ ಎನ್ನಲು ಅವರು ‘ಓಖಲಾ’ ಎನ್ನುತ್ತಾರೆ. ಅಲ್ಲಾಹನ ಹೆಸರು ಆ ಪದದೊಳಗೆ ಇದೆ ಎಂಬುದು ಅದನ್ನು ದಿನಕ್ಕೆ ಹತ್ತು ಬಾರಿ ಆಡುವ ಅನೇಕರಿಗೇ ಗೊತ್ತಿರುವುದಿಲ್ಲ.

ಉಚ್ಚಾರಣೆಯಲ್ಲೂ ಹಾಗೆಯೇ. ಆ ‘ಓಖಲಾ’ದ ‘ಖ’ ಗಂಟಲಿನಿಂದ ಬರಬೇಕು. ಇಂಗ್ಲಿಷ್ ಬಲ್ಲವರು ಒದ್ದಾಡುವ ಈ ಅಕ್ಷರ ಕುರ್‌ಆನ್ ಓದಲು ಕಲಿತವಳಿಗೆ ಚಿಕ್ಕಂದಿನಿಂದಲೇ ಗೊತ್ತು. ಸ್ಪೇನಿನವರು ‘ಗ್ರಾಸಿಯಾಸ್’ ಎನ್ನುವಾಗ ನಡುವಿನ ಅಕ್ಷರವನ್ನು ‘ಸೀನ್’ ಮಾಡದೆ ‘ಸಾ’ ಮಾಡುತ್ತಾರೆ, ‘ಸಲಾಸ’ದಲ್ಲಿ ನಾಲಗೆ ಹಲ್ಲಿಗೆ ತಾಗುವಂತೆ. ಅಮೆರಿಕ ಖಂಡದವರು ಅದನ್ನು ‘ಸೀನ್’ ಆಗಿಯೇ ಹೇಳುತ್ತಾರೆ. ಉಸ್ತಾದರಿಂದ ಬೆತ್ತದ ಭಯದಲ್ಲಿ ಕಲಿತ ಈ ವ್ಯತ್ಯಾಸ ಹೀಗೆ ಉಪಯೋಗಕ್ಕೆ ಬರುತ್ತದೆಂದು ಯಾರು ಎಣಿಸಿದ್ದರು! ಇನ್ನು ಬರೆದ ಹಾಗೆ ಓದುವುದು, ಐದು ಸ್ವರಗಳನ್ನು ಸ್ಪಷ್ಟವಾಗಿ ಹೇಳುವುದು ಕನ್ನಡದಿಂದ ಬಂದ ಬಳುವಳಿ.

ಅಡುಗೆಮನೆಯ ಮಾತು

ಈಗ ತಾಯಂದಿರ ಚಿಂತೆಗೆ ಬರೋಣ. ಕುಟುಂಬದ ಜೊತೆ ಇದ್ದರೇ ಭಾಷೆ ಬರುವುದು ಎಂದಾದರೆ, ಆ ಕುಟುಂಬದ ಅಡುಗೆ ಏನು?

ಸ್ಪೇನ್ ಹಂದಿಮಾಂಸ ಬಹಳ ತಿನ್ನುವ ದೇಶ. ‘ಸೆರ್ದೊ’ ಎಂದರೆ ಹಂದಿ, ‘ಖಮೋನ್’ ಎಂದರೆ ಉಪ್ಪಿನಲ್ಲಿ ಒಣಗಿಸಿದ ಅದರ ತೊಡೆ. ಒಂದು ವಿಚಿತ್ರವೆಂದರೆ “ಮಾಂಸವಿಲ್ಲದ್ದು ಕೊಡಿ” ಎಂದು ಹೋಟೆಲಿನಲ್ಲಿ ಕೇಳಿದರೂ ಖಮೋನಿನ ಚೂರು ಉದುರಿಸಿದ ಪಲ್ಯ ಬರುವುದುಂಟು. ಅವರ ಲೆಕ್ಕದಲ್ಲಿ ಅದು ‘ಮಾಂಸ’ವಲ್ಲ! ಆದ್ದರಿಂದ ‘ನೊ ಕೋಮೊ ಸೆರ್ದೊ’, ಅಂದರೆ ನಾನು ಹಂದಿ ತಿನ್ನುವುದಿಲ್ಲ, ಎಂದು ನೇರವಾಗಿ ಹೇಳಲು ಮೊದಲ ವಾರವೇ ಕಲಿಯಬೇಕು. ಇನ್ನೊಂದು ಪದ ‘ಮಂತೇಕ’. ಸ್ಪೇನ್, ಮೆಕ್ಸಿಕೋಗಳಲ್ಲಿ ಅದು ಸಾಮಾನ್ಯವಾಗಿ ಹಂದಿಯ ಕೊಬ್ಬು. ಸ್ಪೇನಿನಲ್ಲಿ ಕ್ರಿಸ್ಮಸ್ ಸಮಯದ ಪುಡಿಪುಡಿ ಸಿಹಿತಿಂಡಿಗೆ ಅದನ್ನು ಹಾಕುತ್ತಾರೆ. ಮೆಕ್ಸಿಕೋದಲ್ಲಿ ಬೇಯಿಸಿದ ಬೀನ್ಸನ್ನು ಅದರಲ್ಲೇ ಹುರಿಯುತ್ತಾರೆ. ಸಿಹಿ ಮತ್ತು ಕಾಳು ಎಂದು ಕಣ್ಮುಚ್ಚಿ ತಿನ್ನುವ ಹಾಗಿಲ್ಲ. ಅದೇ ‘ಮಂತೇಕ’ ಅರ್ಜೆಂಟೀನಾದಲ್ಲಿ ಬರೀ ಬೆಣ್ಣೆ. ದೇಶ ಬದಲಾದರೆ ಒಂದು ಪದ ಹರಾಮಿನಿಂದ ಹಲಾಲಿಗೆ ದಾಟುತ್ತದೆ.

ಹಾಗೆಂದು ಹಸಿದು ಇರಬೇಕಿಲ್ಲ. ಸ್ಪೇನಿನವರು ಮೀನನ್ನು ನಮ್ಮಷ್ಟೇ ಇಷ್ಟಪಡುವವರು. ಮಲ್ಪೆಯ ಬೂತಾಯಿ, ಬಂಗುಡೆ ತಿಂದು ಬೆಳೆದವಳಿಗೆ ಅಲ್ಲಿಯೂ ಬೂತಾಯಿ ಸಿಗುತ್ತದೆ. ಮಲಾಗದ ಕಡಲ ತೀರದಲ್ಲಿ ಕೋಲಿಗೆ ಚುಚ್ಚಿ ಕೆಂಡದ ಪಕ್ಕದಲ್ಲಿ ಸುಡುತ್ತಾರೆ. ಮೆಣಸಿನ ಖಾರವೊಂದಿಲ್ಲ. ಅಡುಗೆಗೆ ಆಲಿವ್ ಎಣ್ಣೆ. ದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮುಸ್ಲಿಮರಿದ್ದಾರೆ, ಬಹಳಷ್ಟು ಮಂದಿ ಮೊರೊಕ್ಕೊ ಮೂಲದವರು. ಹಲಾಲ್ ಅಂಗಡಿ ಸಾಮಾನ್ಯವಾಗಿ ಎಲ್ಲ ದೊಡ್ಡ ಊರುಗಳಲ್ಲಿದೆ. ಮ್ಯಾಡ್ರಿಡ್‌ನ ಲವಪಿಯೆಸ್‌ನಲ್ಲಿ ಬಾಂಗ್ಲಾದೇಶೀಯರ ಅಂಗಡಿಗಳಲ್ಲಿ ನಮ್ಮ ಮಸಾಲೆಯೂ ಸಿಗುತ್ತದೆ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಸಾಮಾನು ತರಲಿ, ಮಸೀದಿಗೆ ಹೋಗಲಿ. ಮನೆ ಮಾತ್ರ ಸ್ಪ್ಯಾನಿಶ್ ಮಾತನಾಡುವವರದ್ದೇ ಇರಲಿ. ಸ್ಪ್ಯಾನಿಶ್ ಅನ್ನೇ ಮನೆಮಾತು ಮಾಡಿಕೊಂಡ ಮುಸ್ಲಿಮ್ ಕುಟುಂಬ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಇಲ್ಲದಿದ್ದರೆ ಮಕ್ಕಳು ಬೇರೆ ಊರಿಗೆ ಹೋಗಿ ಒಂಟಿಯಾದ ಅಜ್ಜಿಯ ಮನೆ. ಇಂಥ ಅಜ್ಜಿಯರಿಗೆ ಮಾತು ಬೇಕು. ವಿದ್ಯಾರ್ಥಿನಿಗೂ ಅದೇ ಬೇಕು.

2022ರಲ್ಲಿ ಉಡುಪಿಯಲ್ಲಿ ಶುರುವಾದ ಸ್ಕಾರ್ಫ್ ವಿವಾದ ಕಂಡ ತಾಯಂದಿರು ಅದನ್ನೂ ಕೇಳಿಯೇ ಕೇಳುತ್ತಾರೆ. ಫ್ರಾನ್ಸ್ 2004ರಲ್ಲಿ ಸರಕಾರಿ ಶಾಲೆಗಳಿಗೆ ತಂದಂಥ ಕಾನೂನು ಸ್ಪೇನಿನಲ್ಲಿಲ್ಲ. ಸ್ಕಾರ್ಫ್ ಧರಿಸಿದ ಹೆಂಗಸರು ಪೇಟೆಯಲ್ಲಿ ಮಾಮೂಲು. ಆದರೆ ಎಲ್ಲವೂ ಸುಖ ಎಂದು ಹೇಳಲಾಗದು. 2025ರ ಜುಲೈಯಲ್ಲಿ ಮುರ್ಸಿಯಾ ಪ್ರಾಂತ್ಯದ ಟೊರೆ ಪಾಚೆಕೊ ಎಂಬ ಊರಿನಲ್ಲಿ ಮೊರೊಕ್ಕೊ ಮೂಲದವರ ವಿರುದ್ಧ ಗಲಭೆಯಾಯಿತು. ಊರು ಆರಿಸುವಾಗ ಇಂಥ ಸುದ್ದಿಗಳ ಮೇಲೂ ಕಣ್ಣಿರಬೇಕು. ವಿದ್ಯಾರ್ಥಿಗಳೇ ತುಂಬಿರುವ ಊರುಗಳನ್ನು ನಾನು ಹೇಳುವುದು ಅದಕ್ಕಾಗಿಯೂ ಹೌದು.

ಎಷ್ಟು ಕಾಲ, ಎಷ್ಟು ಹಣ

ಇಲ್ಲಿ ಏಜೆಂಟರ ಮಾತಿಗಿಂತ ಲೆಕ್ಕಕ್ಕೆ ಬೆಲೆ ಕೊಡಿ. ಅಮೆರಿಕ ಸರಕಾರ ತನ್ನ ರಾಜತಾಂತ್ರಿಕರಿಗೆ ಸ್ಪ್ಯಾನಿಶ್ ಕಲಿಸಲು ಸುಮಾರು 30 ವಾರಗಳ ಪೂರ್ಣಾವಧಿ ತರಗತಿ ಬೇಕೆಂದು ಲೆಕ್ಕ ಹಾಕಿದೆ. ಸ್ಪೇನ್ ಸೇರಿರುವ ಷೆಂಗನ್ ಒಕ್ಕೂಟದ ಸಣ್ಣ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು. ಅಂದರೆ ಏನೂ ತಿಳಿಯದೆ ಹೋದವಳಿಗೆ ಅದು ಸಾಲದು. ಹೆಚ್ಚು ದಿನ ಇರಬೇಕಾದರೆ ವಿದ್ಯಾರ್ಥಿ ವೀಸಾ. ಅದಕ್ಕೆ ಶಾಲೆಯ ಪ್ರವೇಶಪತ್ರ, ವಿಮೆ, ಖರ್ಚಿಗೆ ತಿಂಗಳಿಗೆ 600 ಯೂರೋ ಇದೆ ಎಂಬ ಪುರಾವೆ ಬೇಕು (ಇದು 2025ರ ಮೊತ್ತ, ಸುಮಾರು 60 ಸಾವಿರ ರೂಪಾಯಿ). ಮ್ಯಾಡ್ರಿಡ್‌ನಲ್ಲಿ ಅಷ್ಟರಲ್ಲಿ ತಿಂಗಳು ಕಳೆಯುವುದು ಕಷ್ಟ. “ಕಲಿಯುತ್ತಾ ದುಡಿಯಬಹುದು” ಎಂದು ಯಾರಾದರೂ ಹೇಳಿದರೆ ಎಚ್ಚರವಿರಲಿ. ಸ್ಪೇನಿನ ವಿದೇಶಿಯರ ನಿಯಮಗಳು 2025ರ ಮೇಯಲ್ಲಿ ಬದಲಾಗಿವೆ. ಕಾಲೇಜು ಪದವಿಗೆ ಹೋದವರಿಗೆ ಇರುವ ಸೌಲಭ್ಯವನ್ನು ಭಾಷಾ ತರಗತಿಗೆ ಹೋಗುವವರಿಗೂ ಇದೆ ಎಂದು ತೋರಿಸಿ ಹಣ ಕೀಳುವವರಿದ್ದಾರೆ. ರಾಯಭಾರ ಕಚೇರಿಯ ಪ್ರಕಟಣೆಯನ್ನೇ ಓದಿ.

ನನ್ನ ಸಲಹೆ ಇಷ್ಟು: ಮೊದಲ ಒಂದೂವರೆ, ಎರಡು ವರ್ಷ ಅಲೆವೂರಿನ ಮನೆಯಲ್ಲೇ ಕಲಿಯಲಿ. ವ್ಯಾಕರಣ, ಸಾವಿರ ಎರಡು ಸಾವಿರ ಪದಗಳು, ಕೇಳುವ ಅಭ್ಯಾಸ, ಇವಕ್ಕೆ ದೇಶ ಬಿಡಬೇಕಿಲ್ಲ. ಮಣಿಪಾಲ ಹತ್ತಿರವಿದೆ. ಸ್ಪೇನ್ ಸರಕಾರದ ಸೆರ್ವಾಂತೆಸ್ ಸಂಸ್ಥೆ 2009ರಿಂದ ದಿಲ್ಲಿಯಲ್ಲಿದೆ, ದೂರದಿಂದಲೇ ಕಲಿಯುವ ಅನುಕೂಲವೂ ಉಂಟು. ಅವರು ನಡೆಸುವ ‘ಡೆಲೆ’ ಪರೀಕ್ಷೆಗೆ ಆರು ಹಂತಗಳಿವೆ. ಎರಡನೆಯ ಹಂತ ದಾಟಿ ಮೂರನೆಯದರ ಹೊಸ್ತಿಲಿಗೆ ಬಂದ ಮೇಲೆ ಮೂರು ತಿಂಗಳು ಸಲಮಾಂಕಕ್ಕೋ ಗ್ರನಾಡಕ್ಕೋ ಹೋಗಲಿ. ಆಗ ಅಜ್ಜಿಯ ಮಾತು ಅರ್ಧವಾದರೂ ಅರ್ಥವಾಗುತ್ತದೆ, ಉಳಿದರ್ಧಕ್ಕೆ ದಿನವೂ ಕಿವಿ ತೆರೆದುಕೊಳ್ಳುತ್ತದೆ. ಶೂನ್ಯದಿಂದ ಹೋದವಳು ಅದೇ ಮೂರು ತಿಂಗಳು ಹಣ್ಣಿನ ಹೆಸರು, ಗಂಟೆ ಹೇಳುವುದು ಕಲಿಯುವುದರಲ್ಲಿ ಕಳೆಯುತ್ತಾಳೆ, ಅದೂ ಯೂರೋ ಕೊಟ್ಟು.

ಹಣ ಕಟ್ಟುವ ಮೊದಲು ಶಾಲೆಗೆ ಪತ್ರ ಬರೆದು ಕೆಲವು ಮಾತು ಕೇಳಿ. ಒಂದು ತರಗತಿಯಲ್ಲಿ ಎಷ್ಟು ಮಂದಿ? ಮನೆಯಲ್ಲಿ ಯಾರು ಯಾರಿದ್ದಾರೆ, ಗಂಡಸರು ಇದ್ದಾರೆಯೇ? ಕೋಣೆಗೆ ಬೀಗವಿದೆಯೇ? ಅಡುಗೆಮನೆ ಬಳಸಬಹುದೇ, ಪಾತ್ರೆ ಬೇರೆ ಇಟ್ಟುಕೊಳ್ಳಬಹುದೇ? ರಮಝಾನಿನಲ್ಲಿ ಸಹರಿಗೆ ಎದ್ದರೆ ಅಡ್ಡಿಯಿಲ್ಲವೇ? ಅದೇ ಮನೆಯಲ್ಲಿ ಇಂಗ್ಲಿಷ್ ಮಾತನಾಡುವ ಬೇರೆ ವಿದ್ಯಾರ್ಥಿಗಳು ಇರುತ್ತಾರೆಯೇ? ಮನೆಯವರಿಗೆ ಇಂಗ್ಲಿಷ್ ಬರುತ್ತದೆಯೇ?

ಈ ಕೊನೆಯ ಪ್ರಶ್ನೆಗೆ “ಚೆನ್ನಾಗಿ ಬರುತ್ತದೆ, ನೀವು ಚಿಂತೆ ಮಾಡಬೇಡಿ” ಎಂದು ಉತ್ತರ ಬಂದರೆ, ಬೇರೆ ಮನೆ ತೋರಿಸಲು ಹೇಳಿ.